ವಾಸಿಯಾಗದ ಹಳೇ ಗಾಯಕ್ಕೆ ಮುಲಾಮು ಸಾಕಾ? ನಮ್ಮ ದೊಡ್ಡಪ್ಪನ ಕಾಲಿನ ಕಥೆ



ಕಳೆದ ವಾರ ಶುಂಠಿ ಕೊಳೆ ರೋಗದ ಬಗ್ಗೆ ಬರೆದಿದ್ದೆ. ಮುಂದಿನ ವಾರ ಮೆಕ್ಕೆಜೋಳದ ಸೈನಿಕ ಹುಳದ ಬಗ್ಗೆ ಬರೀರಿ ಅಂತ ತುಂಬಾ ಜನ ಕೇಳಿದ್ರಿ. ಖಂಡಿತ ಬರೀತೀನಿ, ಆದ್ರೆ ಒಂದು ವಾರ ತಡೀರಿ. ಈ ಸಲ ಬೆಳೆ ಬಿಟ್ಟು ಬೆಳೆಯೋರ ಚರ್ಮದ ವಿಷಯ. ನಾನು ಡಾಕ್ಟರ್ ಅಲ್ಲ, ತಾಳಗುಂದದ ಕಡೆಯ ರೈತ. ನಮ್ಮ ಮನೆಯಲ್ಲಿ ಆಗಿದ್ದನ್ನು, ಆಮೇಲೆ ಡಾಕ್ಟರುಗಳ ಹತ್ತಿರ ಕೇಳಿ, ಓದಿ ತಿಳಿದುಕೊಂಡಿದ್ದನ್ನು ಬರೀತಿದ್ದೇನೆ.

ನಮ್ಮ ದೊಡ್ಡಪ್ಪನಿಗೆ 19 ವರ್ಷ ಇದ್ದಾಗ ಆಲೆಮನೆಯಲ್ಲಿ ಕಾಲು ಸುಟ್ಟಿತ್ತು. ರಾತ್ರಿ ಪಾಳಿ. ಕೊಪ್ಪರಿಗೆ ಇಳಿಸುವಾಗ ಒಬ್ಬರ ಕೈ ಜಾರಿ, ಕುದಿಯುವ ಪಾಕ ಎಡಗಾಲಿನ ಮೊಣಕಾಲ ಕೆಳಗಿಂದ ಪಾದದ ಗಂಟಿನವರೆಗೆ ಬಿತ್ತು. ಬಿಸಿನೀರು ಆದ್ರೆ ಹರಿದು ಹೋಗ್ತದೆ. ಬೆಲ್ಲದ ಪಾಕ ಹರಿಯಲ್ಲ, ಅಂಟಿಕೊಂಡು ಒಳಗೊಳಗೇ ಬೇಯಿಸ್ತದೆ. ಆಗ ಯಾರೋ ಶಾಯಿ ಸುರಿದರಂತೆ, ಇನ್ಯಾರೋ ಸಗಣಿ ಬಳಿದರಂತೆ. ನಾಲ್ಕು ತಿಂಗಳು ಮಲಗಿದ್ದರು. ಕೊನೆಗೆ ಗಾಯ ತಾನಾಗೇ ಮುಚ್ಚಿಕೊಂಡಿತು, ಆದ್ರೆ ಚರ್ಮ ಮೊದಲಿನ ಹಾಗೆ ಬರಲಿಲ್ಲ. ತೆಳ್ಳಗೆ, ಹೊಳಪಾಗಿ, ಬೆವರೂ ಇಲ್ಲ ಕೂದಲೂ ಇಲ್ಲ. ಕೂತು ಎದ್ದರೆ ಬಿಗಿಯುವ ಕಲೆ.

ಪ್ರತಿ ವರ್ಷ ನಾಟಿ ಕಾಲಕ್ಕೆ ಆ ಕಲೆ ಬಿರುಕು ಬಿಡ್ತಿತ್ತು. ಕೆಸರು ತಾಗಿ ಹುಣ್ಣಾಗ್ತಿತ್ತು, ನೀರಿಳಿದ ಮೇಲೆ ಒಣಗ್ತಿತ್ತು. ಅಡಿಕೆ ಕೊಯ್ಲಿನ ಹೊತ್ತಿಗೆ ಮರೆತೇ ಹೋಗ್ತಿತ್ತು. ಹೀಗೆ 37 ವರ್ಷ. ಊರಿಗೆ ಶಾಸನ ನೋಡಲು ಬಂದವರನ್ನು ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದ ಹತ್ತಿರ ಕರೆದುಕೊಂಡು ಹೋಗಿ ಕದಂಬರ ಕಥೆ ಹೇಳೋದು ದೊಡ್ಡಪ್ಪನಿಗೆ ಬಹಳ ಇಷ್ಟ. ಹೇಳ್ತಾ ಹೇಳ್ತಾ ಆ ಕಲೆಯನ್ನು ಕೆರೆದುಕೊಳ್ಳೋದು ಅಭ್ಯಾಸ ಆಗಿಬಿಟ್ಟಿತ್ತು.

ಒಂದು ವರ್ಷ ಹುಣ್ಣು ಒಣಗಲಿಲ್ಲ. ಅಡಿಕೆ ಕೊಯ್ಲು ಮುಗೀತು, ಆಲೆಮನೆ ಶುರುವಾಯ್ತು, ಮತ್ತೆ ಮಳೆಗಾಲ ಬಂತು. ಹುಣ್ಣು ಹಾಗೇ ಇದೆ. ಕೇಳಿದ್ರೆ "ಏ ತಮ್ಮಾ, ಇದೇನ್ ಹೊಸದಾ? ನೀನು ಹುಟ್ಟೋಕಿಂತ ಮುಂಚಿಂದ ಇದೆ" ಅಂತಿದ್ರು. ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ನಾನು ಮೊಬೈಲಲ್ಲಿ ಫೋಟೋ ತೆಗೆದು ನಮ್ಮ ರೈತರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ 14 ಉತ್ತರ ಬಂತು. ಜೇನುತುಪ್ಪ, ಅರಿಶಿನ, ಬೇವಿನ ಎಲೆ, ಯಾವುದೋ ಹಸಿರು ಡಬ್ಬಿಯ ಮುಲಾಮು. ಒಬ್ಬರೂ "ಇದು ಎಷ್ಟು ವರ್ಷದ ಕಲೆ, ಈ ಸಲ ಎಷ್ಟು ತಿಂಗಳಾಯ್ತು" ಅಂತ ಕೇಳಲಿಲ್ಲ. ನಾನೂ ಹೇಳಿರಲಿಲ್ಲ. ಆ ಮುಲಾಮನ್ನು ಶಿರಾಳಕೊಪ್ಪದಿಂದ ತಂದು ಹಚ್ಚಿದವನು ನಾನೇ. ಅದರಲ್ಲೇ ಇನ್ನೂ ಎಂಟು ತಿಂಗಳು ಕಳೆದುಹೋಯ್ತು.

ಕಂಡು ಹಿಡಿದವರು ಆಶಾ ಕಾರ್ಯಕರ್ತೆ. ಬಿಪಿ ನೋಡೋಕೆ ಅಂತ ಮನೆಗೆ ಬಂದವರು ಜಗಲಿಯಲ್ಲಿ ಕೂತಾಗಲೇ ಮೂಗು ಮುಚ್ಚಿಕೊಂಡು, "ಅಣ್ಣಾ, ಆ ಪಟ್ಟಿ ಬಿಚ್ಚಿ" ಅಂದರು. ಹುಣ್ಣಿನ ಅಂಚು ಹೊರಗೆ ಮಡಚಿದ ಹಾಗೆ ಎದ್ದಿತ್ತು, ನಡುವೆ ಹೂಕೋಸಿನ ತರ ಬೆಳೆದಿತ್ತು. ಹತ್ತಿ ತಾಗಿಸಿದರೆ ಸಾಕು, ರಕ್ತ. ಅವತ್ತೇ ಶಿಕಾರಿಪುರಕ್ಕೆ ಹೋದೆವು, ಅಲ್ಲಿಂದ ಶಿವಮೊಗ್ಗಕ್ಕೆ. ಬಯಾಪ್ಸಿ ರಿಪೋರ್ಟಿನಲ್ಲಿ ಬಂದದ್ದು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅಂದರೆ ಚರ್ಮದ ಕ್ಯಾನ್ಸರ್. ಎಕ್ಸ್‌ರೇ ತೆಗೆದಾಗ ಮೂಳೆಗೂ ಇಳಿದದ್ದು ಕಂಡಿತು.

ಗಾಯ ಹೇಗೆ ಕ್ಯಾನ್ಸರ್ ಆಗ್ತದೆ?

ಇದು ಹೊಸ ರೋಗ ಅಲ್ಲ. ಹಳೇ ಗಾಯದ ಕಲೆಯಲ್ಲಿ ಗಂಟುಗಂಟಾಗಿ ಬೆಳೆಯುವ ಹುಣ್ಣನ್ನು 1828ರಲ್ಲಿ ಫ್ರಾನ್ಸಿನ ಸರ್ಜನ್ ಮಾರ್ಜೊಲಿನ್ ಬರೆದಿಟ್ಟಿದ್ದರು. ಅದು ಕ್ಯಾನ್ಸರ್ ಅಂತ ಅವರಿಗೆ ಆಗ ಗೊತ್ತಿರಲಿಲ್ಲ. ಆದ್ರೂ ಡಾಕ್ಟರುಗಳು ಇವತ್ತಿಗೂ ಇದನ್ನು ಮಾರ್ಜೊಲಿನ್ ಹುಣ್ಣು ಅಂತಲೇ ಕರೀತಾರೆ. ಹೆಚ್ಚಾಗಿ ಬರೋದು ಸುಟ್ಟ ಗಾಯದ ಕಲೆಯಲ್ಲಿ. ಸುಟ್ಟ ಕಲೆ ಇರೋ 100 ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರಬಹುದು ಅನ್ನೋದು ಸಾಮಾನ್ಯವಾಗಿ ಹೇಳುವ ಲೆಕ್ಕ. ಸುಟ್ಟಾಗಿನಿಂದ ಕ್ಯಾನ್ಸರ್ ಆಗೋವರೆಗೆ ಸರಾಸರಿ 30 ವರ್ಷ ಹಿಡೀತದೆ. ಈ 30 ವರ್ಷವೇ ನಮಗೆ ಮೋಸ ಮಾಡೋದು. ಅಷ್ಟು ವರ್ಷ ಏನೂ ಆಗದ ಕಲೆ ಈಗೇನು ಮಾಡ್ತದೆ ಅಂತ ಅನ್ನಿಸಿಬಿಡ್ತದೆ.

ಯಾಕೆ ಹೀಗಾಗ್ತದೆ ಅನ್ನೋದು ನನಗೆ ಅರ್ಥ ಆಗಿದ್ದು ಮನೆ ಬೀಜದ ಲೆಕ್ಕದಲ್ಲಿ. ಭತ್ತದ ಬೀಜವನ್ನು ಮನೆಯಲ್ಲೇ ಇಟ್ಟು ವರ್ಷ ವರ್ಷ ಅದನ್ನೇ ಬಿತ್ತಿದರೆ ಏನಾಗ್ತದೆ? ಬರ್ತಾ ಬರ್ತಾ ಬೆರಕೆ ಜಾಸ್ತಿ ಆಗ್ತದೆ. ಒಂದು ಉದ್ದ, ಒಂದು ಗಿಡ್ಡ, ಒಂದಕ್ಕೆ ಮೀಸೆ. ಅದಕ್ಕೇ ಗದ್ದೆಗಿಳಿದು ಬೆರಕೆ ಗಿಡ ಕೀಳ್ತೀವಿ. ಚರ್ಮದಲ್ಲೂ ಹಾಗೇ. ಗಾಯ ಮುಚ್ಚಬೇಕಾದರೆ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಬೇಕು. ಒಂದೇ ಜಾಗ ಪ್ರತಿ ವರ್ಷ ಒಡೆದು ಪ್ರತಿ ವರ್ಷ ಮುಚ್ಚಿದರೆ ಆ ಕೋಶಗಳು ಲೆಕ್ಕವಿಲ್ಲದಷ್ಟು ಸಲ ಹೆಚ್ಚಬೇಕಾಗ್ತದೆ. ಪ್ರತಿ ಸಲವೂ ನಕಲು ತಪ್ಪುವ ಸಾಧ್ಯತೆ ಇರ್ತದೆ. ಉರಿಯೂತ, ಅಂದರೆ ಕೆಂಪಾಗಿ ಬಿಸಿಯಾಗಿ ಕೀವು ಕಟ್ಟೋದು, ಅದು ವರ್ಷಗಟ್ಟಲೆ ನಡೆದರೆ ಅಲ್ಲಿ ಹುಟ್ಟುವ ರಾಸಾಯನಿಕಗಳೂ ಕೋಶದ ಒಳಗಿನ ಬೀಜಕ್ಕೇ ಪೆಟ್ಟು ಕೊಡ್ತವೆ.

ಸರಿ, ಬೆರಕೆ ಹುಟ್ಟಿತು. ಕೀಳುವವರು ಯಾರು? ನಮ್ಮ ರಕ್ತದಲ್ಲಿರುವ ರೋಗನಿರೋಧಕ ಕೋಶಗಳು. ಆದರೆ ಸುಟ್ಟ ಕಲೆಯೊಳಗೆ ರಕ್ತನಾಳ ಕಡಿಮೆ, ಬರೀ ನಾರು. ಕೂಲಿಯವರು ಗದ್ದೆಗೆ ಹೋಗಲು ದಾರಿಯೇ ಇಲ್ಲದ ಹಾಗೆ. ಹಾಗಾಗಿ ಬೆರಕೆ ಅಲ್ಲೇ ಉಳಿದು ಬೆಳೀತದೆ. ಕಲೆಯೊಳಗೆ ಇರುವಷ್ಟು ದಿನ ನಿಧಾನ. ಕಲೆ ದಾಟಿ ಒಳ್ಳೇ ಮಾಂಸಕ್ಕೆ ಇಳಿದರೆ ಮಾತ್ರ ಅದರ ನಡೆ ಬೇರೆ. ಬರೀ ಬಿಸಿಲಿನಿಂದ ಬರುವ ಇದೇ ಜಾತಿಯ ಕ್ಯಾನ್ಸರಿಗಿಂತ ಇದು ಬೇಗ ತೊಡೆಸಂದಿ, ಕಂಕುಳಿನ ಗ್ರಂಥಿಗಳಿಗೆ ಹರಡ್ತದೆ.

ಬಿಳಿ ಚರ್ಮದವರಿಗೆ ಚರ್ಮದ ಕ್ಯಾನ್ಸರ್ ಬರೋದು ಮುಖ್ಯವಾಗಿ ಬಿಸಿಲಿನಿಂದ. ನಮ್ಮ ಬಣ್ಣ ನಮ್ಮನ್ನು ಬಿಸಿಲಿನಿಂದ ತಕ್ಕಮಟ್ಟಿಗೆ ಕಾಯ್ತದೆ, ಆದರೆ ಗಾಯದಿಂದ ಕಾಯಲ್ಲ. ನಮ್ಮಂಥವರಲ್ಲಿ ಈ ಕ್ಯಾನ್ಸರ್ ಕಾಲು, ಪಾದ, ಸೊಂಟದಂಥ ಬಿಸಿಲು ಕಾಣದ ಜಾಗದಲ್ಲೂ ಹಳೇ ಕಲೆ ಹಿಡಿದು ಬರ್ತದೆ.

ಸುಟ್ಟ ಕಲೆ ಒಂದೇ ಅಲ್ಲ

ಕಾಲಿನ ನರ ಉಬ್ಬಿ ಪಾದದ ಗಂಟಿನ ಹತ್ತಿರ ಆಗುವ ಹುಣ್ಣು, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ಕುಷ್ಠ ವಾಸಿಯಾದ ಮೇಲೂ ಸ್ಪರ್ಶ ಇಲ್ಲದ ಪಾದದಲ್ಲಿ ಉಳಿಯುವ ಹುಣ್ಣು, ಮೂಳೆ ಸೋಂಕಾಗಿ ವರ್ಷಗಟ್ಟಲೆ ಕೀವು ಸೋರುವ ತೂತು. ಇವೆಲ್ಲದರಲ್ಲೂ ಹೀಗಾಗಬಹುದು. ಹಾವು ಕಚ್ಚಿ ಮಾಂಸ ಕೊಳೆತು ಉಳಿದ ಹುಣ್ಣಿನಲ್ಲೂ ಆಗಿದ್ದುಂಟು.

ಕೆಲವು ಚರ್ಮರೋಗಗಳೂ ಈ ಸಾಲಿಗೆ ಸೇರ್ತವೆ. ಮುಖ, ಕಿವಿ, ತಲೆಯ ಮೇಲೆ ಬಿಲ್ಲೆ ಬಿಲ್ಲೆಯಾಗಿ ಬಂದು ನಡುವೆ ಬೆಳ್ಳಗಾಗಿ ಕುಳಿ ಬೀಳುವ ಡಿಸ್ಕಾಯ್ಡ್ ಲೂಪಸ್ ಒಂದು. ಇದಕ್ಕೆ ಬಿಸಿಲೂ ಸೇರಿದರೆ ಅಪಾಯ ಜಾಸ್ತಿ, ಹಾಗಾಗಿ ಹೊಲಕ್ಕೆ ಹೋಗುವಾಗ ಟೋಪಿ ಬೇಕೇ ಬೇಕು. ಮೊಣಕಾಲ ಕೆಳಗೆ ದಪ್ಪನೆ ನೇರಳೆ ಗಂಟಾಗಿ ತುರಿಸುವ ಲೈಕೆನ್ ಪ್ಲಾನಸ್ ಇನ್ನೊಂದು. ಅದರಲ್ಲಿ ಅಪರೂಪಕ್ಕೆ ಆಗ್ತದೆ. ಹೆಂಗಸರಿಗೆ ಗುಪ್ತಾಂಗದ ಹತ್ತಿರ ಚರ್ಮ ಬೆಳ್ಳಗೆ ತೆಳ್ಳಗೆ ಆಗಿ ವಿಪರೀತ ತುರಿಸುವ ಲೈಕೆನ್ ಸ್ಕ್ಲೆರೋಸಸ್ ಅಂತ ಒಂದಿದೆ. ನಾಚಿಕೆಗೆ ಯಾರಿಗೂ ಹೇಳದೆ ವರ್ಷಾನುಗಟ್ಟಲೆ ತಡ್ಕೊಳ್ತಾರೆ. ಸರಿಯಾದ ಮುಲಾಮನ್ನು ಡಾಕ್ಟರ್ ಹೇಳಿದ ಹಾಗೆ ಬಿಡದೆ ಹಚ್ಚಿದರೆ ತುರಿಕೆಯೂ ಹೋಗ್ತದೆ, ಕ್ಯಾನ್ಸರಿನ ಅಪಾಯವೂ ಕಡಿಮೆಯಾಗ್ತದೆ. ನಿಮ್ಮ ಅಮ್ಮನೋ ಅತ್ತೆಯೋ ಇದನ್ನು ನಿಮಗೆ ಹೇಳೋದಿಲ್ಲ. ನಿಮ್ಮ ಹೆಂಡತಿಗೋ ಅಕ್ಕನಿಗೋ ಈ ಪ್ಯಾರಾ ಓದೋಕೆ ಕೊಡಿ, ಅವರು ಕೇಳಲಿ.

ನಮ್ಮ ದೇಶದ್ದೇ ಒಂದು ಕಥೆ ಇದೆ. 1945ರಲ್ಲಿ ಮುಂಬೈಯ ಖಾನೋಲ್ಕರ್ ಮತ್ತು ಸೂರ್ಯಬಾಯಿ ಅನ್ನೋ ವಿಜ್ಞಾನಿಗಳು ಸೊಂಟಕ್ಕೆ ಬಿಗಿಯಾಗಿ ಪಂಚೆ ಉಡುವವರಲ್ಲಿ ಸೊಂಟದ ಚರ್ಮಕ್ಕೇ ಕ್ಯಾನ್ಸರ್ ಬರೋದನ್ನು ಗುರುತಿಸಿ 'ಧೋತಿ ಕ್ಯಾನ್ಸರ್' ಅಂತ ಬರೆದರು. ಆಮೇಲೆ ಸೀರೆ ಉಡುವವರಲ್ಲೂ ಕಂಡಿತು. 2024ರಲ್ಲೂ ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ಡಾಕ್ಟರುಗಳು ಇಂಥ ಇಬ್ಬರು ವಯಸ್ಸಾದ ಹೆಂಗಸರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಬಟ್ಟೆಯಲ್ಲಿ ವಿಷ ಇರೋದಿಲ್ಲ. ಒಂದೇ ಜಾಗದಲ್ಲಿ 40 ವರ್ಷ ದಾರ ಬಿಗಿದು, ಬೆವರಲ್ಲಿ ಉಜ್ಜಿ ಉಜ್ಜಿ ಚರ್ಮ ಕಪ್ಪಾಗಿ, ದಪ್ಪಗಾಗಿ, ಒಡೆದು ಹುಣ್ಣಾಗೋದೇ ಕಾರಣ. ನಾಟಿಗೆ, ಕಳೆ ಕೀಳೋಕೆ ಇಡೀ ದಿನ ಬಗ್ಗುವ ನಮ್ಮ ಹೆಂಗಸರ ಲಂಗದ ಲಾಡಿ ನೆನೆಸಿಕೊಳ್ಳಿ. ಲಾಡಿಯ ಬದಲು ಅಗಲ ಪಟ್ಟಿ ಹೊಲಿಸಿ. ಕಟ್ಟುವ ಜಾಗವನ್ನು ಆಗಾಗ ಸ್ವಲ್ಪ ಮೇಲೆ ಕೆಳಗೆ ಮಾಡಿ. ರಾತ್ರಿ ಸಡಿಲ ಬಿಡಿ. ಉಡಿದಾರ ಕಟ್ಟುವ ಗಂಡಸರಿಗೂ ಇದೇ ಮಾತು.

ನಮ್ಮ ರಾಜ್ಯದಲ್ಲೇ ನೀರಿನಿಂದಲೂ ಆಗಿದೆ. ಯಾದಗಿರಿ ಜಿಲ್ಲೆ ಸುರಪುರ ಕಡೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಇತ್ತು. ಹಳೇ ಚಿನ್ನದ ಗಣಿ ಪ್ರದೇಶ ಅದು. ಅದೇ ನೀರು ಕುಡಿದವರ ಅಂಗೈ ಅಂಗಾಲಿನಲ್ಲಿ ಕಾಳು ಕಾಳಾಗಿ ಚರ್ಮ ಗಟ್ಟಿಯಾಗಿ, ಕೆಲವರಿಗೆ ಅದು ಕ್ಯಾನ್ಸರಿನವರೆಗೆ ಹೋಯ್ತು. ನಮ್ಮ ಶಿಕಾರಿಪುರ, ಸೊರಬದ ನೀರಿಗೆ ಇದನ್ನು ತಳುಕು ಹಾಕಿ ಹೆದರಬೇಡಿ. ಇಲ್ಲಿ ನಾನು ಹೇಳೋದು ಇನ್ನೊಂದು ದಾರಿ. ಸೋರಿಯಾಸಿಸ್, ಇಸುಬು, ಅಸ್ತಮಾಕ್ಕೆ ಅಂತ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ಕೆಲವು ಪುಡಿಗಳಲ್ಲೂ ಆರ್ಸೆನಿಕ್ ಇರ್ತದೆ. ಹಿಂದೆ ಇಂಗ್ಲಿಷ್ ಔಷಧಿಯಲ್ಲೂ ಫೌಲರ್ ದ್ರಾವಣ ಅಂತ ಸೋರಿಯಾಸಿಸ್‌ಗೆ ಆರ್ಸೆನಿಕ್ಕನ್ನೇ ಕೊಡ್ತಿದ್ದರು. ರೋಗ ಹೋಯ್ತು, 20 ವರ್ಷದ ಮೇಲೆ ಕ್ಯಾನ್ಸರ್ ಬಂತು. ಏನಿದೆ ಅಂತ ಲೇಬಲ್ ಇಲ್ಲದ ಕೀಟನಾಶಕವನ್ನು ನೀವು ಹೊಲಕ್ಕೆ ಹೊಡೆಯಲ್ಲ. ಅಂಥದ್ದನ್ನು ಹೊಟ್ಟೆಗೆ ಹಾಕ್ಕೊಳ್ಳೋದು ಯಾಕೆ?

ಹೆದರಬೇಕಾಗಿಲ್ಲದ್ದನ್ನೂ ಹೇಳಿಬಿಡ್ತೀನಿ. ಸಾಮಾನ್ಯ ಇಸುಬು, ಗಜಕರ್ಣ, ಕಜ್ಜಿ, ಮಳೆಗಾಲದಲ್ಲಿ ಬೆರಳ ಸಂದಿಯಲ್ಲಿ ಆಗುವ ಕೆಸರು ಹುಣ್ಣು, ಇವು ಕ್ಯಾನ್ಸರ್ ಆಗೋದಿಲ್ಲ. ಸೋರಿಯಾಸಿಸ್ ಬಿಲ್ಲೆ ತಾನಾಗಿ ಕ್ಯಾನ್ಸರಾಗಿ ತಿರುಗೋದೂ ಇಲ್ಲ. ಆದರೆ ಸೋರಿಯಾಸಿಸ್‌ಗೆ ತುಂಬಾ ವರ್ಷ ಮಾತ್ರೆ ಕೊಟ್ಟು ಯಂತ್ರದ ಬೆಳಕಿನ ಚಿಕಿತ್ಸೆ ತೆಗೆದುಕೊಂಡವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರು ವರ್ಷಕ್ಕೊಮ್ಮೆ ಮೈಯೆಲ್ಲ ಚರ್ಮದ ಡಾಕ್ಟರಿಗೆ ತೋರಿಸಬೇಕು. ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಕ್ರೀಮಿನ ವಿಷಯವೂ ಸ್ವಲ್ಪ. ಅದು ಕ್ಯಾನ್ಸರ್ ತರಲ್ಲ, ಆದರೆ ಕೆಂಪು ಕಡಿಮೆ ಮಾಡಿ ನಿಮಗೆ "ವಾಸಿ ಆಗ್ತಿದೆ" ಅನ್ನಿಸಿ ದಿನ ತಳ್ಳಿಸ್ತದೆ. ಯಾವ ಚಿಕಿತ್ಸೆಗೂ ಬಗ್ಗದ 'ಇಸುಬು' ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತಿದ್ದರೆ ಅದು ಇಸುಬೇ ಹೌದಾ ಅಂತ ಒಂದು ಸಲ ಪರೀಕ್ಷೆ ಮಾಡಿಸಿ.

ಯಾವಾಗ ಓಡಬೇಕು?

ಲೆಕ್ಕ ಸರಳ: ಮೂರು ತಿಂಗಳು. ಹಳೇ ಕಲೆಯಲ್ಲಾಗಲಿ, ಹಳೇ ಚರ್ಮರೋಗದ ಜಾಗದಲ್ಲಾಗಲಿ ಒಡೆದ ಹುಣ್ಣು ಮೂರು ತಿಂಗಳಲ್ಲಿ ಮುಚ್ಚದಿದ್ದರೆ ಮುಲಾಮು ಬದಲಾಯಿಸಬೇಡಿ, ಡಾಕ್ಟರ್ ಹತ್ತಿರ ಹೋಗಿ. ಅಂಚು ಎದ್ದು ಹೊರಗೆ ಮಡಚಿದರೆ, ಮಾಂಸ ಹೂಕೋಸಿನ ಹಾಗೆ ಬೆಳೆದರೆ, ಕೆಟ್ಟ ವಾಸನೆ ಬಂದರೆ, ಸುಮ್ಮನೆ ತಾಗಿದ್ದಕ್ಕೆ ರಕ್ತ ಬಂದರೆ, ನೋವೇ ಇಲ್ಲದ ಕಲೆಯಲ್ಲಿ ಹೊಸದಾಗಿ ನೋವು ಶುರುವಾದರೆ ಮೂರು ತಿಂಗಳೂ ಕಾಯಬೇಡಿ. ಕಾಲಿನ ಹುಣ್ಣಾದರೆ ತೊಡೆಸಂದಿಯಲ್ಲಿ, ಕೈಯದ್ದಾದರೆ ಕಂಕುಳಲ್ಲಿ ಗಂಟು ಸಿಗ್ತದಾ ಮುಟ್ಟಿ ನೋಡಿ. ಸಿಕ್ಕರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಮೊಬೈಲ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರ್ತದೆ, ಗ್ರೂಪಿಗೆ ಹಾಕೋಕಲ್ಲ. ಪ್ರತಿ ತಿಂಗಳು ಒಂದೇ ತಾರೀಕು, ಹಗಲು ಬೆಳಕಲ್ಲಿ, ಹುಣ್ಣಿನ ಪಕ್ಕದಲ್ಲಿ ಎರಡು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೀರಿ. ನಾಣ್ಯದ ಗಾತ್ರ ಬದಲಾಗಲ್ಲ, ಹುಣ್ಣಿನದ್ದು ಬದಲಾಗ್ತದೆ. ಮೂರು ಫೋಟೋ ಪಕ್ಕ ಪಕ್ಕ ಇಟ್ಟು ತೋರಿಸಿದರೆ ಡಾಕ್ಟರಿಗೂ ಅನುಕೂಲ, "ಇದು ಮೊದಲಿಂದ ಹೀಗೇ ಇತ್ತು" ಅನ್ನುವ ದೊಡ್ಡಪ್ಪಂದಿರ ಬಾಯಿಯೂ ಮುಚ್ಚುತ್ತದೆ. ಶಿವಮೊಗ್ಗಕ್ಕೆ ತಕ್ಷಣ ಹೋಗೋಕೆ ಆಗದಿದ್ದರೆ ಸರ್ಕಾರದ ಇ-ಸಂಜೀವಿನಿ ಮೂಲಕ ಮೊಬೈಲಲ್ಲೇ ಡಾಕ್ಟರ್ ಜೊತೆ ಮಾತಾಡಬಹುದು. ಅದು ಮೊದಲ ಹೆಜ್ಜೆ ಅಷ್ಟೇ. ಫೋಟೋ ನೋಡಿ ಕ್ಯಾನ್ಸರ್ ಹೌದು ಅಲ್ಲ ಅಂತ ಯಾರೂ ಹೇಳೋಕಾಗಲ್ಲ.

ಹೇಳೋದು ಬಯಾಪ್ಸಿ ಮಾತ್ರ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹುಣ್ಣಿನ ಅಂಚಿನಿಂದ ಕಡಲೆ ಕಾಳಿನಷ್ಟು ತುಣುಕು ತೆಗೆದು ಪರೀಕ್ಷೆಗೆ ಕಳಿಸ್ತಾರೆ. "ಕತ್ತರಿ ತಾಗಿದರೆ ಕ್ಯಾನ್ಸರ್ ಹರಡ್ತದೆ" ಅಂತ ನಮ್ಮ ಮನೆಯಲ್ಲೂ ಎರಡು ದಿನ ಗಲಾಟೆ ಆಯ್ತು. ಅದು ಸುಳ್ಳು. ಹರಡೋದು ತಡ ಮಾಡಿದ್ದರಿಂದ. ಇನ್ನೊಂದು ವಿಷಯ, ದೊಡ್ಡ ಹುಣ್ಣಿನಲ್ಲಿ ಒಂದು ಮೂಲೆಯಲ್ಲಿ ಕ್ಯಾನ್ಸರ್ ಇದ್ದು ಇನ್ನೊಂದು ಮೂಲೆಯಲ್ಲಿ ಇಲ್ಲದೆ ಇರಬಹುದು. ಅದಕ್ಕೇ ನಾಲ್ಕಾರು ಕಡೆಯಿಂದ ತೆಗೀತಾರೆ. ರಿಪೋರ್ಟು "ಕ್ಯಾನ್ಸರ್ ಇಲ್ಲ" ಅಂತ ಬಂದರೂ ಹುಣ್ಣು ಮುಚ್ಚದಿದ್ದರೆ ಮತ್ತೆ ಹೋಗಿ ಇನ್ನೊಂದು ಸಲ ತೆಗೆಸಿ. ಮಣ್ಣು ಪರೀಕ್ಷೆಗೆ ಒಂದೇ ಮೂಲೆಯ ಮಣ್ಣು ಕೊಟ್ಟ ಹಾಗಾಗಬಾರದು.

ಬೇಗ ಸಿಕ್ಕರೆ ಚಿಕಿತ್ಸೆ ದೊಡ್ಡದಲ್ಲ. ಹುಣ್ಣಿನ ಸುತ್ತ ಒಂದೆರಡು ಸೆಂಟಿಮೀಟರ್ ಒಳ್ಳೇ ಚರ್ಮ ಸೇರಿಸಿ ಕತ್ತರಿಸಿ ತೆಗೆದು, ತೊಡೆಯಿಂದ ಚರ್ಮ ತಂದು ಕಸಿ ಮಾಡ್ತಾರೆ. ಗ್ರಂಥಿಗೆ ಹೋಗಿದ್ದರೆ ಅದನ್ನೂ ತೆಗೆಯಬೇಕು, ಕೆಲವರಿಗೆ ರೇಡಿಯೇಷನ್ ಬೇಕಾಗ್ತದೆ. ಮೂಳೆಗೆ ಇಳಿದಿದ್ದರೆ ಕಾಲೇ ಹೋಗಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ಮತ್ತು ಶಸ್ತ್ರಚಿಕಿತ್ಸೆ ವಿಭಾಗಗಳಿವೆ. ಕ್ಯಾನ್ಸರಿಗೇ ಮೀಸಲಾದ ಆಸ್ಪತ್ರೆ ಬೇಕಾದರೆ ಹುಬ್ಬಳ್ಳಿಯ ನವನಗರದಲ್ಲಿದೆ, ಬೆಂಗಳೂರಿನ ಕಿದ್ವಾಯಿ ಇದೆ. ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ರೇಷನ್ ಕಾರ್ಡ್, ಆಧಾರ್ ಜೊತೆಗಿಟ್ಟುಕೊಳ್ಳಿ. ಖಾಸಗಿ ಆಸ್ಪತ್ರೆಗೆ ಹೋಗೋ ಯೋಚನೆ ಇದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ.

ನಮ್ಮ ದೊಡ್ಡಪ್ಪನ ಕಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಾಯ್ತು. ತೊಡೆಸಂದಿಯ ಗ್ರಂಥಿಗೆ ಹೋಗಿರಲಿಲ್ಲ, ಅದೊಂದು ಪುಣ್ಯ. ಆ ಎಂಟು ತಿಂಗಳು ಮುಂಚೆ ಹೋಗಿದ್ದರೆ ಕಾಲು ಉಳೀತಿತ್ತಾ ಅಂತ ನಾನು ಡಾಕ್ಟರನ್ನು ಕೇಳಿದೆ. "ಬಹುಶಃ" ಅಂದರು. ಆ ಮುಲಾಮಿನ ಹಸಿರು ಡಬ್ಬಿ ಇನ್ನೂ ನಮ್ಮ ಮನೆಯ ಮಾಡದಲ್ಲಿದೆ, ಬಿಸಾಡೋಕೆ ಮನಸ್ಸು ಬಂದಿಲ್ಲ. ಈಗ ದೊಡ್ಡಪ್ಪ ಜೈಪುರ ಕಾಲು ಹಾಕಿಕೊಂಡು ಗದ್ದೆ ಬದುವಿನ ಮೇಲೆ ಓಡಾಡ್ತಾರೆ. ಆ ಕಾಲು ಬರಿಗಾಲಲ್ಲಿ ಕೆಸರಿಗಿಳಿಯೋಕೂ ಆಗುವ ಹಾಗೆ ನಮ್ಮ ದೇಶದಲ್ಲೇ ಮಾಡಿದ್ದು. ಆದರೆ ನಾಟಿಗೆ ಇಳಿಯೋ ಧೈರ್ಯ ಅವರಿಗಿನ್ನೂ ಬಂದಿಲ್ಲ.

ಕೊನೆಗೆ ಸುಟ್ಟಾಗ ಏನು ಮಾಡಬೇಕು ಅನ್ನೋದು, ಯಾಕಂದ್ರೆ ಎಲ್ಲ ಶುರುವಾಗೋದು ಅಲ್ಲಿಂದ. ಆಲೆಮನೆಯಾಗಲಿ, ಅಡಿಕೆ ಬೇಯಿಸುವ ಹಂಡೆಯಾಗಲಿ, ಸುಟ್ಟ ತಕ್ಷಣ ತಣ್ಣೀರನ್ನು 20 ನಿಮಿಷ ಬಿಡದೆ ಹರಿಸಿ. ಐಸ್ ಬೇಡ. ಶಾಯಿ, ಟೂತ್‌ಪೇಸ್ಟ್, ಸಗಣಿ, ಮೊಟ್ಟೆ ಬೇಡ. ಪಾಕ ಅಂಟಿದ್ದರೆ ಕಿತ್ತು ತೆಗೆಯಬೇಡಿ, ನೀರು ಬಿಟ್ಟರೆ ಬೆಲ್ಲ ಕರಗ್ತದೆ. ಆಮೇಲೆ ತೊಳೆದ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿ. ಆಳವಾಗಿ ಸುಟ್ಟಿದ್ದು ಎರಡು ಮೂರು ವಾರದಲ್ಲಿ ಮುಚ್ಚದಿದ್ದರೆ ಚರ್ಮ ಕಸಿ ಮಾಡಬೇಕಾ ಅಂತ ಕೇಳಿ. ತಾನಾಗಿ ಎಳೆದುಕೊಂಡು ಮುಚ್ಚಿದ ಚರ್ಮವೇ ಮುಂದೆ ಒಡೆಯೋದು. ಈಗಾಗಲೇ ಹಳೇ ಕಲೆ ಇದ್ದವರು ದಿನಾ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ ಮೆತ್ತಗಿಡಿ, ಗದ್ದೆಗೆ ಇಳಿಯುವಾಗ ಗಂಬೂಟು ಹಾಕಿ, ಕೆರೆಯಬೇಡಿ.

ಕಳೆದ ಸಲ ಪಕ್ಕದವರು ಆಲೆಮನೆ ಹೂಡಿದಾಗ ದೊಡ್ಡಪ್ಪ ಮೊದಲ ದಿನವೇ ಕುಂಟುತ್ತಾ ಹೋಗಿ ಕೊಪ್ಪರಿಗೆಯಿಂದ ಹತ್ತು ಹೆಜ್ಜೆ ದೂರದಲ್ಲಿ 200 ಲೀಟರಿನ ನೀಲಿ ಡ್ರಮ್ಮು ಇಡಿಸಿ, ತುಂಬಿಸಿ, ಅದರ ಮೇಲೆ ಒಂದು ಚೊಂಬು ಇಟ್ಟು ಬಂದರು. ಹುಡುಗರು ಕಬ್ಬಿನ ಹಾಲಿಗೆ ನಿಂಬೆಹಣ್ಣು ಹಿಂಡೋಕೆ ಆ ಚೊಂಬನ್ನು ಎತ್ತಿಕೊಂಡು ಹೋದರೆ ಬೈದು ವಾಪಸ್ ಇಡಿಸ್ತಿದ್ದರು.

ಮುಂದಿನ ವಾರ ಸೈನಿಕ ಹುಳ.